ಸೋಯಾ ಹಿಂಡಿ ಮತ್ತು ಹಂದಿ ಮರಿಗಳ ಭೇದಿ

ಸಿಂಧನೂರಿನಿಂದ ಕೇಳಿದ್ದೀರಲ್ಲ ಸರ್, ಹಾಲು ಬಿಡಿಸಿದ ಮರಿಗಳಿಗೆ ಸೋಯಾ ಹಿಂಡಿ ಹಾಕಿದ ಮೇಲೆ ಭೇದಿ ಶುರುವಾಗಿದೆ, ಸೋಯಾದಲ್ಲಿರುವ ಅಲರ್ಜಿ ಅಂಶ ಹೊಟ್ಟೆಯಲ್ಲೇ ಕರಗಲ್ವಾ ಅಂತ. ಪೂರ್ತಿ ಕರಗುವುದಿಲ್ಲ.

ಸೋಯಾದಲ್ಲಿ ಗ್ಲೈಸಿನಿನ್, ಬೀಟಾ ಕಾನ್‌ಗ್ಲೈಸಿನಿನ್ ಅಂತ ಅಲರ್ಜಿ ತರುವ ಎರಡು ದೊಡ್ಡ ಪ್ರೋಟೀನುಗಳಿವೆ. ಜಠರದ ಆಮ್ಲಕ್ಕೂ ಸಿಗದೆ ಇವುಗಳಲ್ಲಿ ಒಂದಿಷ್ಟು ಹಾಗೇ ಸಣ್ಣ ಕರುಳಿಗೆ ಇಳಿಯುತ್ತದೆ, ಅಲ್ಲಿ ಮೊದಲ ಮತ್ತು ನಡು ಭಾಗದಲ್ಲೇ ತೊಂದರೆ ಜಾಸ್ತಿ, ಮುಂದೆ ಹೋದಂತೆ ಒಡೆದು ಕಡಿಮೆಯಾಗಿ ದೊಡ್ಡ ಕರುಳಿನ ಹೊತ್ತಿಗೆ ಸ್ವಲ್ಪವೇ ಉಳಿಯುತ್ತದೆ. ಎಳೆ ಮರಿಯ ಕರುಳು ಇದನ್ನು ಶತ್ರು ಅಂದುಕೊಳ್ಳುತ್ತದೆ. ಒಳಗೋಡೆಯಲ್ಲಿ ಆಹಾರ ಹೀರುವ ಬೆರಳಿನಂಥ ಎಳೆಗಳು ಮೊಟಕಾಗುತ್ತವೆ, ತಿಂದದ್ದು ಮೈಗೆ ಹತ್ತದೆ ನೀರಾಗಿ ಹೋಗುತ್ತದೆ.

ಹುರಿದರೆ ಸಾಕಲ್ವಾ ಅಂದಿರಿ. ಹುರಿದರೆ ಟ್ರಿಪ್ಸಿನ್ (ಕರುಳಿನಲ್ಲಿ ಪ್ರೋಟೀನು ಜೀರ್ಣಿಸುವ ಕಿಣ್ವ) ತಡೆಯುವ ಅಂಶ ಸಾಯುತ್ತದೆ, ಆದರೆ ಈ ಎರಡು ಅಲರ್ಜಿ ಪ್ರೋಟೀನುಗಳು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹುದುಗಿಸಿದ ಸೋಯಾ ವಾಸಿ. ಇಲ್ಲವೇ ಹಿಂಡಿ ತೀರಾ ಕಡಿಮೆ ಮಾಡಿ, ಮೀನಿನ ಪುಡಿ ಸೇರಿಸಿ, ಆಮೇಲೆ ದಿನದಿನಕ್ಕೆ ಚೂರುಚೂರು ಏರಿಸಿ. ಕೆಲವು ವಾರದಲ್ಲಿ ಬಹಳಷ್ಟು ಮರಿಗಳಿಗೆ ರೂಢಿಯಾಗುತ್ತದೆ. ಗಂಗಾವತಿ ಮಿಲ್ಲಿನ ತೌಡು ಅಗ್ಗ ಅಂತ ಸುಮ್ನೆ ಅದನ್ನೇ ತುಂಬಬೇಡಿ, ಪ್ರೋಟೀನು ಸಾಲುವುದಿಲ್ಲ.

ಭೇದಿಯಲ್ಲಿ ರಕ್ತ ಕಂಡರೆ ಇದು ಬರೀ ಸೋಯಾ ಕಥೆಯಲ್ಲ, ಪಶು ಡಾಕ್ಟರಿಗೆ ತೋರಿಸಿ.