ವೇದಿಕೆಯ ಮೇಲೆ ಅಪ್ಪನ ಬಗ್ಗೆ ನಾಲ್ಕು ಮಾತು

ಯುದ್ಧದಲ್ಲಿ ಮಡಿದವರ ಮಕ್ಕಳು ತಾವೇ ಅರವತ್ತರ ಹತ್ತಿರ ಬಂದಾಗ ಸಲಹೆ ಕೇಳಿ ಬರುವುದುಂಟು. ನಿದ್ದೆಗೇಡು, ಸಿಟ್ಟು, ವಯಸ್ಸಾದ ತಾಯಿಯ ಮರೆವು ಎಂದು ಕಾರಣ ಹೇಳುತ್ತಾರೆ. ಒಳಗಿನ ಸಂಕಟ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹೀಗೆ ನನ್ನ ಬಳಿ ಸಲಹೆಗೆ ಬಂದ ಒಬ್ಬರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಜೊತೆಗೆ ಟೆರಿಟೋರಿಯಲ್ ಆರ್ಮಿಯ ಸಿಪಾಯಿ. 1949ರಲ್ಲಿ ಶುರುವಾದ ಈ ಪಡೆಗೆ ಸೇರುವವರು ತಮ್ಮ ಉದ್ಯೋಗ ಬಿಡುವುದಿಲ್ಲ. ವರ್ಷದಲ್ಲಿ ಕೆಲಕಾಲ ತರಬೇತಿ, ಯುದ್ಧ ಬಂದರೆ ಕರೆ. 1971ರ ಡಿಸೆಂಬರ್ ಯುದ್ಧದಲ್ಲಿ ತೀರಿಕೊಂಡಾಗ ಮಗನಿಗೆ ಮೂರು ವರ್ಷ. ಆಮೇಲೆ ಪ್ರತಿ ಡಿಸೆಂಬರ್ 16ರ ವಿಜಯ ದಿವಸಕ್ಕೆ ಶಾಲು, ಹಾರ. "ಅಪ್ಪನ ಬಗ್ಗೆ ನಾಲ್ಕು ಮಾತಾಡ್ರಿ ಅಂತ ಮೈಕ್ ಕೊಡ್ತಾರ್ರಿ. ನನಗ ನಾಲ್ಕು ಮಾತು ಗೊತ್ತಿಲ್ಲ" ಎಂದರು. ಕೇಳಿದರೆ ಅವ್ವ ಅಳುತ್ತಾಳೆಂದು ಚಿಕ್ಕಂದಿನಲ್ಲೇ ಕೇಳುವುದು ಬಿಟ್ಟಿದ್ದರು. ಮಗ ಕೇಳಲಿಲ್ಲವೆಂದು ತಾಯಿ ಹೇಳಲಿಲ್ಲ.

ತಾಯಿಯನ್ನು ಕರೆತರಲು ಹೇಳಿದೆ. ಪದಕವೂ ಬೇಡ, ಸಮವಸ್ತ್ರದ ಫೋಟೋವೂ ಬೇಡ, ಅಪ್ಪ ದಿನಾ ಮುಟ್ಟುತ್ತಿದ್ದ ಯಾವುದಾದರೂ ಒಂದು ವಸ್ತು ತನ್ನಿ ಎಂದೆ. ಅಲ್ಯೂಮಿನಿಯಂ ಬುತ್ತಿ ಡಬ್ಬಿ ಬಂತು. ಹಿಡಿಕೆ ಮುರಿದಲ್ಲಿ ತಂತಿ ಸುತ್ತಿ, ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚಿತ್ತು. "ಈ ತಂತಿ ಯಾರು ಸುತ್ತಿದ್ದು ಅಮ್ಮಾ?" ಎಂದು ಕೇಳಿದೆ. ಅಷ್ಟೇ ಸಾಕಾಯಿತು. ಕೆಲಸದಿಂದ ಬಂದು ಕಟ್ಟಿಗೆ ಹೊಟ್ಟು, ಸಾಬೂನು ಹಚ್ಚಿ ಕೈಯ ಗ್ರೀಸ್ ತಿಕ್ಕುತ್ತಿದ್ದದ್ದು, ಕಿರಾಣಿ ಅಂಗಡಿಯ ಉದ್ರಿ, ಮೂಗಿನ ತುದಿಯ ಸಿಟ್ಟು ಎಲ್ಲ ಬಂತು. ಆಮೇಲೆ ಆಕೆ ಹೇಳಿದ್ದು: "ಅವರು ಸತ್ತದ್ದು ಊರಿಗೆಲ್ಲಾ ಗೊತ್ತೈತ್ರಿ. ಕುಂಬಳಕಾಯಿ ಪಲ್ಲೆ ಕಂಡ್ರ ತಾಟು ಸರಸ್ತಿದ್ರು ಅನ್ನೋದು ನನಗೊಬ್ಬಾಕಿಗೇ ಗೊತ್ತೈತಿ."

ಅಳುವಿಗೆ ನಿಜವಾದ ಕಾರಣ ಅದಾದ ಮೇಲೆ ಹೊರಬಿತ್ತು. ಪಡೆಗೆ ಸೇರಿದ್ದರಲ್ಲಿ ಮನೆಯ ಮಾಡಿಗೆ ಹಂಚು ಹಾಕಿಸುವ ಹಣದ ಆಸೆಯೂ ಇತ್ತು. ಆ ವಿಷಯಕ್ಕೇ ಹೊರಡುವ ದಿನ ಇಬ್ಬರಿಗೂ ಜಗಳವಾಗಿತ್ತು. ಇದನ್ನು ಹೇಳಿದರೆ ಗಂಡನ ಹೆಸರಿಗೆ ಕುಂದು ಎಂದು ಇಷ್ಟು ವರ್ಷ ನುಂಗಿಕೊಂಡಿದ್ದರು. ಮಗ ಎದ್ದು ಹೋಗಿ ಅವ್ವನ ಪಕ್ಕ ಕೂತರು.

ಇದೆಲ್ಲವನ್ನೂ ದಾಖಲಿಸಿ ಎಂದು ನಾನು ಸಲಹೆ ಕೊಟ್ಟದ್ದು ಕೆಲವು ನೆಂಟರಿಗೆ ಹಿಡಿಸಲಿಲ್ಲ. ಹುತಾತ್ಮರನ್ನು ಸಣ್ಣವರನ್ನಾಗಿ ಮಾಡುತ್ತೀರಿ ಎಂದರು. ನಾನು ಒಪ್ಪುವುದಿಲ್ಲ. ಹಂಚಿನ ಆಸೆ ಇದ್ದ ಮನುಷ್ಯನೇ ಕರೆ ಬಂದಾಗ ಹೋದದ್ದು. ಆ ಆಸೆಯನ್ನು ಅಳಿಸಿದರೆ ಆತ ಬಿಟ್ಟು ಹೋದದ್ದೇನು ಎಂಬುದೂ ಅಳಿಯುತ್ತದೆ. ಅದರಲ್ಲೂ ಇಂಥ ಸಿಪಾಯಿಯ ಬದುಕಿನ ಹೆಚ್ಚಿನ ದಿನಗಳು ಕಳೆದದ್ದು ವರ್ಕ್‌ಶಾಪಿನಲ್ಲಿ, ಅಡುಗೆಮನೆಯಲ್ಲಿ. ಸೇನೆಯ ಕಡತದಲ್ಲಿ ಅದು ಸಿಗುವುದಿಲ್ಲ.

ದಾಖಲಿಸುವ ಕ್ರಮ ಹೀಗೆ. ಮರೆವು ಶುರುವಾದವರಿಗೆ ಸಾಮಾನ್ಯವಾಗಿ ಬೆಳಗಿನ ಹೊತ್ತು ಅನುಕೂಲ. ಇಪ್ಪತ್ತು ನಿಮಿಷ, ಒಂದು ಸಲಕ್ಕೆ ಒಂದೇ ವಸ್ತು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಬಟ್ಟೆಯ ಮೇಲಿಟ್ಟು ರೆಕಾರ್ಡ್ ಮಾಡಿ. "ನೆನಪಿದೆಯಾ?" ಎಂದು ಕೇಳಿದರೆ ಪರೀಕ್ಷೆಯಾಗುತ್ತದೆ. "ಹೇಗಿದ್ದರು?" ಎಂದರೆ "ಒಳ್ಳೆಯವರು" ಎಂಬಲ್ಲಿಗೆ ನಿಲ್ಲುತ್ತದೆ. "ಮನೆಗೆ ಬಂದ ಕೂಡಲೇ ಏನು ಮಾಡ್ತಿದ್ದರು?" ಎಂದು ಕೇಳಿ. ತಪ್ಪು ಹೇಳಿದರೆ ತಿದ್ದಬೇಡಿ. ಚಿಕ್ಕಪ್ಪ ಬೇರೆ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಇಡಿ. ಕಣ್ಣೀರು ಬಂತೆಂದು ಥಟ್ಟನೆ ನಿಲ್ಲಿಸಬೇಡಿ, ಸುಮ್ಮನೆ ಕೂತಿರಿ. ಅವರೇ ಸಾಕು ಎಂದಾಗ ನಿಲ್ಲಿಸಿ.

ಇವರ ಮನೆಯಲ್ಲಿ 56 ಎ.ಪಿ.ಒ. (ಸೇನೆಯ ಅಂಚೆ ಕಚೇರಿ) ವಿಳಾಸದ ಇನ್‌ಲ್ಯಾಂಡ್ ಪತ್ರಗಳೂ ಇದ್ದವು, ಲ್ಯಾಮಿನೇಟ್ ಮಾಡಿಸುವವರಿದ್ದರು. ಬೇಡವೆಂದೆ. ಬಿಸಿಗೆ ಶಾಯಿ, ಕಾಗದ ಎರಡೂ ಕೆಡುತ್ತವೆ, ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು. ಮಡಿಕೆ ಬಿಚ್ಚಿ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಭಾಗಕ್ಕೆ ಮೂಡುತ್ತದೆ.

ತಾಯಿಯ ಮರೆವಿಗೆ ವೈದ್ಯರನ್ನು ಕಾಣಲೇಬೇಕೆಂದು ಹೇಳಿದೆ. ಬಿ12 ಕೊರತೆ, ಥೈರಾಯ್ಡ್ ದೋಷದಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ನೆನಪು ಕೆದಕಿದ ಮೇಲೆ ದಿನಗಟ್ಟಲೆ ಊಟ ನಿದ್ದೆ ಬಿಟ್ಟರೆ, ಸಾಯುವ ಮಾತು ಬಂದರೆ ರೆಕಾರ್ಡಿಂಗ್ ಬದಿಗಿಟ್ಟು ಮನೋವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ತಂದೆಯ ಜೊತೆಗಾರರನ್ನು ಹುಡುಕುವ ಕೆಲಸ. ಬದುಕಿರುವವರು ಎಂಬತ್ತರ ಆಸುಪಾಸಿನವರು, ತಡಮಾಡುವಂತಿಲ್ಲ. ಪಿಂಚಣಿದಾರರು ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಬರುತ್ತಾರೆ. ರೈಲ್ವೆ ಕಾಲೋನಿಯ ಹತ್ತಿರದ ಶಾಖೆಗೆ ಆಗ ಹೋಗಿ, ಪಿಂಚಣಿದಾರರ ಸಂಘದವರನ್ನೂ ಮಾತಾಡಿಸಿ ಎಂದು ಮಗನಿಗೆ ಹೇಳಿದ್ದೇನೆ. ಕೇಳಬೇಕಾದ ಮೊದಲ ಪ್ರಶ್ನೆಯನ್ನು ತಾಯಿಯೇ ಹೇಳಿಕೊಟ್ಟಿದ್ದಾರೆ: ಪಲ್ಲೆ ಇಷ್ಟವಾಗದ ದಿನ ಅವರು ಯಾರ ಬುತ್ತಿಗೆ ಕೈಹಾಕುತ್ತಿದ್ದರು?