ಗಲ್ಲಾ ಕೂಡುತ್ತಿಲ್ಲ, ಸಂಬಳ ಪೂರ್ತಿ ಬರಲಿಲ್ಲ

ಪ್ರಶ್ನೆ: ಬಿ.ಕಾಂ. ಮುಗಿಸಿ ದಾವಣಗೆರೆ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ್ದೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿತೇ ಬಂದವನು. ಆದರೂ ಸಂಜೆ ಕ್ಯಾಷ್ ಕೂಡುವುದಿಲ್ಲ. ಒಂದು ದಿನ 90 ರೂಪಾಯಿ ಕಡಿಮೆ, ಇನ್ನೊಂದು ದಿನ 2,700. ಸಾಹುಕಾರರು ಬೈಯುತ್ತಾರೆಂದು ಕೈಯಿಂದ ಹಾಕಿ ಸರಿದೂಗಿಸಿದೆ. ಎಲ್ಲಿ ತಪ್ಪುತ್ತಿದೆ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಮೊದಲು ಕೈಯಿಂದ ದುಡ್ಡು ಹಾಕುವುದನ್ನು ನಿಲ್ಲಿಸಿ. ನಾಳೆ ತಪ್ಪು ಎಂಟ್ರಿ ಸಿಕ್ಕಿ ತಿದ್ದಿದರೆ ಆಗ ಕ್ಯಾಷ್ ಹೆಚ್ಚು ಬರುತ್ತದೆ, ಅದಕ್ಕೂ ಒಂದು ಸಮಜಾಯಿಷಿ ಹುಡುಕಬೇಕಾಗುತ್ತದೆ.

ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, ಇಲ್ಲವೇ ಸೊನ್ನೆ ಬಿಟ್ಟುಹೋಗಿರಬಹುದು. ನೀವು ಬರೆದ ಎರಡೂ ಮೊತ್ತ ಹಾಗೇ ಇವೆ. 540 ಕೊಟ್ಟು 450 ಎಂದು ಬರೆದರೆ 90 ಕಡಿಮೆ. 3,000 ಕೊಟ್ಟು ಒಂದು ಸೊನ್ನೆ ಬಿಟ್ಟರೆ 2,700 ಕಡಿಮೆ. 9ರಿಂದ ಭಾಗವಾಗದಿದ್ದರೆ ಅರ್ಧ ಮಾಡಿ ನೋಡಿ. 1,600 ಕಡಿಮೆ ಇದ್ದರೆ 800ರ ವೋಚರ್ ಹುಡುಕಿ. ಟ್ಯಾಲಿಯಲ್ಲಿ ಪೇಮೆಂಟಿಗೆ ಎಫ್5, ರಿಸೀಟಿಗೆ ಎಫ್6; ಬೆರಳು ಪಕ್ಕದ ಕೀ ಮೇಲೆ ಬಿದ್ದರೆ ಕೊಟ್ಟ ಹಣ ಬಂದಂತಾಗಿ ವ್ಯತ್ಯಾಸ ಎರಡು ಪಟ್ಟಾಗುತ್ತದೆ.

ಇದ್ಯಾವುದೂ ಅಲ್ಲವೆಂದರೆ ಫೋನ್‌ಪೇಯಲ್ಲಿ ಬಂದ ಹಣವನ್ನು ಬ್ಯಾಂಕಿನ ಬದಲು ಕ್ಯಾಷ್ ಲೆಡ್ಜರಿಗೆ ಹಾಕಿದ್ದೀರಾ ನೋಡಿ. ಆಮೇಲೆ ಹಮಾಲಿ, ಚಹಾ, ಲಾರಿ ಡ್ರೈವರಿಗೆ ಕೊಟ್ಟ ಅಡ್ವಾನ್ಸು. ಸುಗ್ಗಿಯಲ್ಲಿ ಲಾರಿಗಳು ಸಾಲು ನಿಂತಾಗ ಸಾಹುಕಾರರೇ ಗಲ್ಲಾದಿಂದ ತೆಗೆದುಕೊಟ್ಟು ಹೇಳಲು ಮರೆಯುವುದು ಎಲ್ಲ ಅಂಗಡಿಯಲ್ಲೂ ಇದ್ದದ್ದೇ. “ಲೆಕ್ಕ ಕೂಡ್ತಿಲ್ಲ” ಎಂದು ಮಾತು ತೆಗೆಯಬೇಡಿ. “ಬೆಳಿಗ್ಗೆಯಿಂದ ಯಾರಿಗಾದ್ರೂ ಕೈಯಿಂದ ಕೊಟ್ಟಿದ್ರಾ ಸಾಹುಕಾರ್ರೆ, ಚೀಟಿ ಬರ್ಕೊಳ್ತೀನಿ” ಎನ್ನಿ.

ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಒಮ್ಮೆ ಗಲ್ಲಾ ಎಣಿಸಿ, 500, 200, 100ರ ನೋಟು ಎಷ್ಟೆಷ್ಟೆಂದು ಬರೆದಿಡಿ. ಆಗ ಕೂಡಿದ್ದರೆ ಸಂಜೆ ಹುಡುಕಬೇಕಾದ್ದು ಅರ್ಧ ದಿನದ ವೋಚರ್ ಮಾತ್ರ.

ಇನ್ನು, ಕಡಿಮೆ ಬಿದ್ದದ್ದನ್ನು ಸಂಬಳದಲ್ಲಿ ಹಿಡಿಯುತ್ತೇವೆ ಎಂದರೆ: ಹಾಗೆ ಹಿಡಿಯಬೇಕಾದರೆ ನಿಮ್ಮ ನಿರ್ಲಕ್ಷ್ಯದಿಂದಲೇ ನಷ್ಟವಾಗಿರಬೇಕು, ಕಾರಣ ಹೇಳಲು ನಿಮಗೆ ಅವಕಾಶವನ್ನೂ ಕೊಡಬೇಕು. ಕಾನೂನು ಇರುವುದು ಹಾಗೆ.

ಪ್ರಶ್ನೆ: ಚಿತ್ರದುರ್ಗದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಸಂಬಳ 14,000 ಎಂದಿದ್ದರು, ಖಾತೆಗೆ ಬಂದದ್ದು 12,215. ಕೇಳಿದರೆ “ಎಲ್ಲರಿಗೂ ಹಾಗೇನಮ್ಮ” ಅಂದರು. ಇದು ಸರಿಯೇ?
– ಒಬ್ಬ ಓದುಗಿ, ಚಿತ್ರದುರ್ಗ

ಉತ್ತರ: ಲೆಕ್ಕವೇನೋ ಸರಿ. ಪಿಎಫ್ ಶೇ 12ರಂತೆ 1,680, ಇಎಸ್‌ಐ (ನೌಕರರ ವಿಮೆ) ಶೇ 0.75ರಂತೆ 105. ಹಿಡಿದದ್ದನ್ನು ಕಟ್ಟಿದ್ದಾರೆಯೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಮರುತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಕೇಳಿ ಪಡೆದು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯಿರಿ. ಕಂಪನಿಯ ಪಾಲು ಅಲ್ಲಿ 514 ಎಂದಷ್ಟೇ ಕಂಡರೆ ಗಾಬರಿ ಬೇಡ. ಅವರು ಕಟ್ಟುವ 1,680ರಲ್ಲಿ 1,166 ಪಿಂಚಣಿಗೆ ಹೋಗುತ್ತದೆ. ಪಿಎಫ್‌ನಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಡಿಸಿ ಬರೆದದ್ದಾದರೆ ಹಣ ತೆಗೆಯುವಾಗ ಅಲೆದಾಟ ತಪ್ಪಿದ್ದಲ್ಲ. ಇಎಸ್‌ಐ ನಂಬರನ್ನೂ ಈಗಲೇ ಕೇಳಿ ಇಟ್ಟುಕೊಳ್ಳಿ, ಅದರಲ್ಲಿ ತಂದೆತಾಯಿಯ ಹೆಸರು ಸೇರಿಸಲು ಬರುತ್ತದೆಯೇ ಎಂದೂ ವಿಚಾರಿಸಿ.