ಬೇಕಿತ್ತಾ ಅವನಿಗೆ?

ಹೋದ ಸಂಚಿಕೆಯಲ್ಲಿ ಟಿವಿಯ ಪ್ರಾಣಿ ಕಾರ್ಯಕ್ರಮಗಳ ಬಗ್ಗೆ ಬರೆಯುವಾಗ ಸ್ಟೀವ್ ಇರ್ವಿನ್ ಹೆಸರು ಎತ್ತಿದ್ದೆ, ಅಷ್ಟೇ. ಖಾಕಿ ಚಡ್ಡಿ, ಖಾಕಿ ಅಂಗಿ ಹಾಕಿಕೊಂಡು, ಮೊಸಳೆ ಬೆನ್ನ ಮೇಲೆ ಕೂತು, ಕ್ಯಾಮೆರಾ ಕಡೆ ತಿರುಗಿ ಕಣ್ಣರಳಿಸಿ ಕೂಗುತ್ತಿದ್ದನಲ್ಲ, ಆ ‘ಕ್ರೊಕೊಡೈಲ್ ಹಂಟರ್’. ಆಸ್ಟ್ರೇಲಿಯಾದವನು, 2006ರಲ್ಲಿ ತೀರಿಕೊಂಡ. ಇಷ್ಟು ವರ್ಷ ಆದಮೇಲೂ ಆ ಸಾವಿನ ಬಗ್ಗೆ ನಿಮಗೆ ಇಷ್ಟೊಂದು ಕೇಳುವುದಿದೆ ಅಂತ ನನಗೆ ಗೊತ್ತಿರಲಿಲ್ಲ. ಈ ಸಲದ ಪ್ರಶ್ನೆಗಳೆಲ್ಲ ಅವನದ್ದೇ. ‘ಅವರು’ ಅಂತ ಬರೆಯಲು ಹೋದರೆ ಯಾರೋ ಬೇರೆಯವರ ಬಗ್ಗೆ ಬರೆದ ಹಾಗಾಗುತ್ತದೆ, ಅದಕ್ಕೇ ‘ಅವನು’. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೊಸಳೆ ಬಾಯಿಗೆ ಕೈ ಹಾಕುವವನು, ಹಾವಿನ ಬಾಲ ಹಿಡಿದು ಎತ್ತುವವನು ಒಂದಲ್ಲ ಒಂದು ದಿನ ಹೀಗೇ ಸಾಯುವುದಲ್ಲವೇ? ಬೇಕಿತ್ತಾ ಅವನಿಗೆ?

ಉತ್ತರ: ಸುದ್ದಿ ಬಂದ ದಿನ ನನ್ನ ಬಾಯಲ್ಲೂ ಮೊದಲು ಬಂದದ್ದು ಇದೇ ಮಾತು. ಹಾವಾಡಿಗನಿಗೆ ಹಾವಿನಿಂದಲೇ ಸಾವು ಅಂತಾರಲ್ಲ, ಅದು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ನಡೆದದ್ದೇನು ಅಂತ ಆಮೇಲೆ ಓದಿದೆ. ಓದಿದಮೇಲೆ ಆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.

2006ರ ಸೆಪ್ಟೆಂಬರ್ 4. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೋರ್ಟ್ ಡಗ್ಲಸ್ ಹತ್ತಿರದ ಬ್ಯಾಟ್ ರೀಫ್. ಸಮುದ್ರದ ಭಾರೀ ಅಪಾಯದ ಪ್ರಾಣಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ತಂಡ ಹೋಗಿತ್ತು. ಹವೆ ಕೆಟ್ಟು ಆ ಕೆಲಸ ನಿಂತಿತ್ತು. ಸುಮ್ನೆ ಕೂರುವ ಜಾಯಮಾನ ಅವನದ್ದಲ್ಲ. ಮಗಳು ಬಿಂಡಿ ನಡೆಸಿಕೊಡಬೇಕಿದ್ದ ಮಕ್ಕಳ ಕಾರ್ಯಕ್ರಮಕ್ಕಾದರೂ ನಾಲ್ಕು ದೃಶ್ಯ ಸಿಗಲಿ ಅಂತ ನೀರಿಗಿಳಿದ. ಎದೆಮಟ್ಟದ ನೀರು. ದೊಡ್ಡದೊಂದು ತೊರಕೆ ಮೀನು ಕಂಡಿತು, ಟಿವಿಯವರು ಸ್ಟಿಂಗ್‌ರೇ ಅನ್ನುತ್ತಾರಲ್ಲ, ಅದು. ಅವನು ಹಿಂದೆ, ಮೀನು ಮುಂದೆ, ಅದು ಈಜಿ ದೂರ ಹೋಗುವುದನ್ನು ಹಿಡಿಯಲು ಕ್ಯಾಮೆರಾದವನು ಎದುರಿಗೆ. ಅಷ್ಟರಲ್ಲಿ ಮೀನು ಬಾಲ ಬೀಸಿತು, ಬಾಲದ ಮುಳ್ಳು ನೇರ ಎದೆಗೆ ಹೊಕ್ಕಿತು. 44 ವರ್ಷ ಅವನಿಗೆ. ತೊರಕೆಯ ಮುಳ್ಳಿಗೆ ವಿಷವಿದೆ ನಿಜ, ಆದರೆ ಜೀವ ಹೋದದ್ದು ಹೃದಯಕ್ಕಾದ ಗಾಯದಿಂದ. ತೊರಕೆ ಚುಚ್ಚಿ ಜನ ಸಾಯುವುದು ತೀರಾ ಅಪರೂಪ.

ಅಂದರೆ ಮೊಸಳೆಗಳ ಜೊತೆ ಗುದ್ದಾಡಿದ್ದಕ್ಕೆ ಬಂದ ಸಾವಲ್ಲ ಅದು. ಅವನ ಲೆಕ್ಕದಲ್ಲಿ ಅದು ರಜೆಯಂಥ ದಿನ. ‘ಬೇಕಿತ್ತಾ’ ಅಂತ ನಾವು ಕೇಳುವುದು ಅವನನ್ನಲ್ಲ ಅನಿಸುತ್ತದೆ ನನಗೆ. ಅವನ ತಪ್ಪಿನಿಂದಲೇ ಸತ್ತ ಅಂತಾದರೆ ತಪ್ಪು ಮಾಡದ ನಮಗೇನೂ ಆಗುವುದಿಲ್ಲ ಅಂತ ನೆಮ್ಮದಿಯಾಗಿ ಮಲಗಬಹುದು, ಅಲ್ವಾ?

ಪ್ರಶ್ನೆ: ಪ್ರಾಣಿಗಳಿಗೆ ಕೊಟ್ಟ ಕಾಟಕ್ಕೆ ಪ್ರಾಣಿಯೇ ಸೇಡು ತೀರಿಸಿಕೊಂಡಿತು ಅಂತ ಯಾರೋ ದೊಡ್ಡ ಲೇಖಕಿ ಬರೆದಿದ್ದರಂತೆ. ಹೌದೇ?

ಉತ್ತರ: ಹೌದು. ಜರ್ಮೈನ್ ಗ್ರೀರ್. ಅವರೂ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರೇ. ಇರ್ವಿನ್ ಸತ್ತ ಮರುದಿನವೇ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಆ ಅರ್ಥದ ಮಾತು ಬರೆದರು. ಆಸ್ಟ್ರೇಲಿಯಾ ಕೆರಳಿತು. ಕೆವಿನ್ ರಡ್, ಆಗ ವಿರೋಧ ಪಕ್ಷದಲ್ಲಿದ್ದವರು, ಮರುವರ್ಷ ಪ್ರಧಾನಿಯಾದವರು, ಬಾಯಿ ಮುಚ್ಚಿಕೊಂಡಿರಿ ಅಂತಲೇ ಗ್ರೀರ್‌ಗೆ ಹೇಳಿದರು.

ಗ್ರೀರ್ ಹೇಳಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆ. ತನ್ನ ಪಾಡಿಗೆ ಬಿದ್ದುಕೊಂಡ ಹಾವನ್ನು ಎಳೆದು ಎತ್ತಿ ಕ್ಯಾಮೆರಾಗೆ ತೋರಿಸುವುದು ಹಾವಿಗೆ ಹಿತವಲ್ಲ. ಪ್ರೀತಿಯಿಂದ ಎಳೆದರೂ ಎಳೆದದ್ದೇ. ಅವನ ನಂತರ ಅದನ್ನೇ ನಕಲು ಮಾಡಿದವರಲ್ಲಿ ಪ್ರೀತಿಯೂ ಇರಲಿಲ್ಲ, ಎಳೆಯುವುದಷ್ಟೇ ಉಳಿಯಿತು.

ಆದರೆ ಸೇಡು? ಅವತ್ತು ಕ್ಯಾಮೆರಾ ಹಿಡಿದಿದ್ದ ಜಸ್ಟಿನ್ ಲಯನ್ಸ್ 2014ರಲ್ಲಿ ಒಂದು ಟಿವಿ ಸಂದರ್ಶನದಲ್ಲಿ ಒಂದು ಮಾತು ಹೇಳಿದರು: ಮೇಲೆ ಬಿದ್ದ ಇರ್ವಿನ್‌ನ ನೆರಳನ್ನು ಮೀನು ಟೈಗರ್ ಶಾರ್ಕ್ ಅಂದುಕೊಂಡಿರಬಹುದು ಅಂತ. ತೊರಕೆಗಳನ್ನು ತಿನ್ನುವ ಶಾರ್ಕ್ ಅದು. ಇದರಲ್ಲಿ ಸೇಡು ಎಲ್ಲಿಂದ ಬಂತು? ಹೆದರಿದ ಮೀನು ಬಾಲ ಬೀಸಿತು, ಅಷ್ಟೇ.

ಪ್ರಶ್ನೆ: ಹಾಗಾದರೆ ಅಭಿಮಾನಿಗಳು ಹೋಗಿ ಆ ಮೀನುಗಳನ್ನು ಕೊಂದರು ಅನ್ನುವುದು ನಿಜವೇ?

ಉತ್ತರ: ಅವನು ಸತ್ತ ಒಂದು ವಾರದಲ್ಲಿ ಕ್ವೀನ್ಸ್‌ಲ್ಯಾಂಡ್ ಕಡಲತೀರದಲ್ಲಿ ಕನಿಷ್ಠ 10 ತೊರಕೆಗಳು ಸತ್ತು ಬಿದ್ದಿದ್ದವು. ಕೆಲವಕ್ಕೆ ಬಾಲ ಕತ್ತರಿಸಿತ್ತು. ಮಾಡಿದವರು ಅಭಿಮಾನಿಗಳೇ ಅಂತ ಯಾರೂ ಸಾಬೀತು ಮಾಡಲಿಲ್ಲ. ಬಲೆಗೆ ಬಿದ್ದ ತೊರಕೆ ಚುಚ್ಚದಿರಲಿ ಅಂತ ಬಾಲ ಕತ್ತರಿಸಿ ಬಿಡುವ ಮೀನುಗಾರರೂ ಇದ್ದಾರೆ, ಅದೂ ಇರಬಹುದು ಅಂತ ಮೀನುಗಾರಿಕೆ ಇಲಾಖೆಯವರು ಆಗಲೇ ಹೇಳಿದ್ದರು. ಆದರೆ ಇರ್ವಿನ್ ಕಟ್ಟಿದ ವೈಲ್ಡ್‌ಲೈಫ್ ವಾರಿಯರ್ಸ್ ಸಂಸ್ಥೆಯವರಿಗೇ ಅನುಮಾನ ಬಂದಿತ್ತು. ಇದು ಸೇಡಿಗೆ ಮಾಡಿದ್ದಾದರೆ ಸ್ಟೀವ್‌ಗೆ ಇದಕ್ಕಿಂತ ಬೇಡದ್ದು ಇನ್ನೊಂದಿಲ್ಲ ಅಂತ ಅವರು ಹೊರಗೆ ಬಂದು ಹೇಳಬೇಕಾಯಿತು. ಮೀನು ಸೇಡು ತೀರಿಸಿಕೊಂಡಿತು ಅಂದವರು ಒಂದು ಕಡೆ, ಮೀನಿನ ಮೇಲೆ ಸೇಡು ತೀರಿಸಿಕೊಂಡವರು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ಮೀನು ಬರೀ ಮೀನಾಗಿದ್ದರೆ ಸಾಲಲಿಲ್ಲ.

ಪ್ರಶ್ನೆ: ನಾನು ಆಗ ಕಾಲೇಜು ಹುಡುಗಿ. ಸುದ್ದಿ ನೋಡಿ ಎರಡು ದಿನ ಅತ್ತಿದ್ದೆ. ಈಗಲೂ ಹಳೆಯ ವಿಡಿಯೋ ನೋಡಿದರೆ ಕಣ್ಣು ತುಂಬುತ್ತದೆ. ನಮ್ಮ ಯಜಮಾನರು, “ನಿನ್ನ ಚಿಕ್ಕಪ್ಪ ಏನು ಅವನು?” ಅಂತ ನಗುತ್ತಾರೆ. ನನ್ನದು ಹುಚ್ಚೇ?

ಉತ್ತರ: ಅಲ್ಲ ತಾಯಿ. ನಿಮ್ಮ ಯಜಮಾನರಿಗೆ ಹೇಳಿ, ಚಿಕ್ಕಪ್ಪ ವರ್ಷಕ್ಕೆ ಎರಡು ಸಲ ಬರುತ್ತಾನೆ, ಇವನು ವಾರಕ್ಕೆ ಮೂರು ಸಲ ಮನೆಯೊಳಗೇ ಬರುತ್ತಿದ್ದ. ಮೊಸಳೆ ಕಂಡರೆ ಆರು ವರ್ಷದ ಹುಡುಗನ ಹಾಗೆ ಕುಣಿಯುತ್ತಿದ್ದ. ಹೆಂಡತಿ ಟೆರ್ರಿ ಜೊತೆ 1992ರಲ್ಲಿ ಮದುವೆಯಾಗಿ ಮಧುಚಂದ್ರಕ್ಕೆ ಹೋದದ್ದೂ ಮೊಸಳೆ ಹಿಡಿಯಲು, ಅವನ ಕಾರ್ಯಕ್ರಮದ ಮೊದಲ ಕಂತೇ ಅದು! ಮದುವೆ, ಮಕ್ಕಳು, ಅಪ್ಪ, ಎಲ್ಲರನ್ನೂ ಟಿವಿಯಲ್ಲೇ ಪರಿಚಯ ಮಾಡಿಸಿದ್ದ. ಇಂಥವನು ಒಂದು ಸೋಮವಾರ ಇದ್ದಕ್ಕಿದ್ದಂತೆ ಇಲ್ಲ ಅಂದರೆ ಅಳು ಬರದೆ ಇನ್ನೇನು?

ನೀವೊಬ್ಬರೇ ಅಲ್ಲ. ಬೀರ್ವಾ ಅನ್ನುವ ಊರಿನಲ್ಲಿ ಅವನ ಅಪ್ಪ ಅಮ್ಮ 1970ರಲ್ಲಿ ಶುರು ಮಾಡಿದ ಪ್ರಾಣಿ ಪಾರ್ಕೇ ಈಗಿನ ಆಸ್ಟ್ರೇಲಿಯಾ ಝೂ. ಅದರ ಗೇಟಿನ ಮುಂದೆ ಹೂವಿನ ರಾಶಿ ಬಿದ್ದಿತ್ತು. ಜನ ತಮ್ಮ ಖಾಕಿ ಅಂಗಿಗಳ ಮೇಲೆ ನಾಲ್ಕು ಸಾಲು ಬರೆದು ಅಲ್ಲೇ ಬಿಟ್ಟು ಹೋದರು. ನನಗೆ ಹೂವಿಗಿಂತ ಆ ಅಂಗಿಗಳೇ ಜಾಸ್ತಿ ನೆನಪಿವೆ.

ಪ್ರಶ್ನೆ: ಒಂದು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮೊಸಳೆಗೆ ಕೋಳಿ ತಿನ್ನಿಸಿದವನನ್ನು ಹೀರೋ ಮಾಡಬೇಡಿ.

ಉತ್ತರ: ಮಾಡುತ್ತಿಲ್ಲ. 2004ರ ಜನವರಿಯಲ್ಲಿ ನಡೆದದ್ದು ಅದು, ಕೂಸು ಅವನ ಮಗ ರಾಬರ್ಟ್. ಎಲ್ಲ ನನ್ನ ಹಿಡಿತದಲ್ಲೇ ಇತ್ತು ಅಂತ ಅವನು ವಾದಿಸಿದ. ಕೇಸು ಆಗಲಿಲ್ಲ, ಆದರೆ ಮೊಸಳೆ ಆವರಣದೊಳಗೆ ಮಕ್ಕಳನ್ನು ಕರೆದೊಯ್ಯದ ಹಾಗೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ ನಿಯಮ ಬದಲಿಸಿತು. ಸರಿಯಾಗಿಯೇ ಮಾಡಿತು. ಹಿಡಿತ ಅನ್ನುವುದು ತಪ್ಪಿಹೋಗುವ ತನಕ ಇರುತ್ತದೆ, ಅದು ಕೂಸಿಗೆ ಗೊತ್ತಿರುವುದಿಲ್ಲ. ಆ ಕೂಸು ಈಗ ದೊಡ್ಡವನಾಗಿ ಅದೇ ಮೊಸಳೆಗೆ, ಮರ್ರೆ ಅಂತ ಅದರ ಹೆಸರು, ಊಟ ಹಾಕಿದ್ದಾನೆ. ಅಷ್ಟಕ್ಕೆ ಅಪ್ಪ ಮಾಡಿದ್ದು ಸರಿ ಅಂತ ಆಗುವುದಿಲ್ಲ.

ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಹೆಸರಿನಲ್ಲಿ ‘ಹಂಟರ್’ ಇದ್ದರೂ ಮೊಸಳೆ ಬೇಟೆಗೆ ಪರವಾನಗಿ ಕೊಡುವ ಮಾತು ಬಂದಾಗಲೆಲ್ಲ ಎದ್ದು ನಿಂತು ಬೇಡ ಅಂದವನು ಅವನು. ಟಿವಿಯಲ್ಲಿ ಬಂದ ದುಡ್ಡಿನಲ್ಲಿ ಜಮೀನು ಕೊಂಡು ಪ್ರಾಣಿಗಳಿಗೆ ಬಿಟ್ಟ.

ಪ್ರಶ್ನೆ: ಬದುಕಿದ್ದಾಗ ಅವನನ್ನು ಕಂಡರೆ ಆಸ್ಟ್ರೇಲಿಯಾದವರೇ ಮುಜುಗರ ಪಡುತ್ತಿದ್ದರಂತೆ, ಸತ್ತಮೇಲೆ ರಾಷ್ಟ್ರನಾಯಕನ ಹಾಗೆ ಅತ್ತರಂತೆ?

ಉತ್ತರ: ನಿಜ. ಅವನನ್ನು ಮೊದಲು ತಲೆ ಮೇಲೆ ಹೊತ್ತದ್ದು ಅಮೆರಿಕ. ನಮ್ಮನ್ನೆಲ್ಲ ಹೀಗೇ ಅಂದುಕೊಂಡುಬಿಡುತ್ತಾರಲ್ಲ ಅಂತ ಸ್ವಂತ ದೇಶದಲ್ಲಿ ಅನೇಕರಿಗೆ ಇರುಸುಮುರುಸು. ಮನೆಯಲ್ಲಿ ಗಟ್ಟಿ ದನಿಯ ಅಣ್ಣನೊಬ್ಬ ಇರುತ್ತಾನಲ್ಲ, ನಾಲ್ಕು ಜನರ ಮುಂದೆ ಅವನು ಬಾಯಿ ತೆರೆದರೆ ನಾಚಿಕೆ, ಅವನು ಹೋದಮೇಲೆ ಮನೆ ಬಿಕೋ ಅನ್ನುತ್ತದೆ. ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡುತ್ತೇವೆ ಅಂತ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮುಂದೆ ಬಂತು. ಅಪ್ಪ ಬಾಬ್ ಇರ್ವಿನ್ ಬೇಡ ಅಂದರು. ನನ್ನ ಮಗ ಸಾಮಾನ್ಯ ಮನುಷ್ಯ, ಹಾಗೇ ನೆನಪಿರಲಿ ಅನ್ನುವುದು ಅವರ ಮಾತು.

ಪ್ರಶ್ನೆ: ಅವನು ಸಾಯುವ ವಿಡಿಯೋ ಎಲ್ಲಿ ಸಿಗುತ್ತದೆ?

ಉತ್ತರ: ಸಿಗುವುದಿಲ್ಲ. ಟೇಪು ಪೊಲೀಸರ ಕೈಗೆ ಹೋಗಿತ್ತು. ತನಿಖೆ ಮುಗಿದಮೇಲೆ ಪ್ರತಿಗಳನ್ನು ನಾಶ ಮಾಡಿದರು. ಅದೇ ವಿಡಿಯೋ ಅಂತ ಮೊಬೈಲಿಗೆ ಬಂದರೆ ಸುಳ್ಳು, ಇನ್ನೊಬ್ಬರಿಗೆ ಕಳಿಸಬೇಡಿ. ಸಿಕ್ಕಿದ್ದರೂ ನಾನು ಹೇಳುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಇರ್ವಿನ್ ವಿಡಿಯೋ ನೋಡಿ ಹಲ್ಲಿ ಹಿಡಿದು ಜೇಬಿಗೆ ಹಾಕಿಕೊಳ್ಳುತ್ತಾನೆ. ಏನು ಮಾಡಲಿ?

ಉತ್ತರ: ಹಲ್ಲಿಯನ್ನು ಬಿಡಿಸಿ, ಮಗನನ್ನು ಬೈಯಬೇಡಿ. ಇರ್ವಿನ್‌ಗೆ ಆರನೇ ಹುಟ್ಟುಹಬ್ಬಕ್ಕೆ ಸಿಕ್ಕ ಉಡುಗೊರೆ 12 ಅಡಿ ಉದ್ದದ ಹೆಬ್ಬಾವು. ನೀವು ಇನ್ನೂ ಪುಣ್ಯವಂತರು.

ಪ್ರಶ್ನೆ: ಶ್ರದ್ಧಾಂಜಲಿ ಸಭೆಯಲ್ಲಿ ಅವನ ಪುಟ್ಟ ಮಗಳು ಮಾತಾಡಿದ್ದು ನೆನಪಿದೆಯೇ?

ಉತ್ತರ: ಮರೆಯುವುದುಂಟೇ. ಸೆಪ್ಟೆಂಬರ್ 20, ಅದೇ ಝೂನಲ್ಲಿ, ಮೊಸಳೆ ಪ್ರದರ್ಶನ ನಡೆಯುವ ಕ್ರೊಕೊಸಿಯಂನಲ್ಲಿ. ಪ್ರಧಾನಿ ಜಾನ್ ಹೋವರ್ಡ್ ಬಂದಿದ್ದರು. ಬಿಂಡಿಗೆ ಆಗ 8 ವರ್ಷ. ಚೀಟಿ ಹಿಡಿದುಕೊಂಡು ಬಂದಳು. ಅಪ್ಪನ ಕೆಲಸ ನಿಲ್ಲಬಾರದು, ನಾನೂ ಪ್ರಾಣಿಗಳಿಗೆ ಸಹಾಯ ಮಾಡುತ್ತೇನೆ ಅಂತ ಓದಿದಳು, ಒಂದು ಕಡೆಯೂ ತೊದಲಲಿಲ್ಲ. ಸಭೆ ಎದ್ದು ನಿಂತಿತು. ಅಷ್ಟು ಚಿಕ್ಕ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಬೇಕಿತ್ತಾ ಅಂತ ಆಗಲೂ ಕೆಲವರು ಕೇಳಿದರು, ನಮ್ಮ ಮನೆಯಲ್ಲೂ ಕೇಳಿದರು, ಕೇಳುತ್ತಲೇ ಕಣ್ಣೊರೆಸಿಕೊಂಡರು. ಕೊನೆಗೆ ಅವನ ಟ್ರಕ್ಕಿಗೆ ಅವನ ಸಾಮಾನುಗಳನ್ನೆಲ್ಲ ತುಂಬಿ ಹೊರಗೆ ಓಡಿಸಿಕೊಂಡು ಹೋದರು. ಮೊಸಳೆ, ಹಾವು, ಹಲ್ಲಿ ಏನು ಕಂಡರೂ ಅವನು ಕೂಗುತ್ತಿದ್ದ ‘ಕ್ರೈಕಿ’ ಅನ್ನುವ ಪದವನ್ನು ಝೂನ ಕೆಲಸದವರು ಹಳದಿ ಹೂವಿನಲ್ಲಿ ನೆಲದ ಮೇಲೆ ಬರೆದಿದ್ದರು.